ದೀಪಾವಳಿಗೆ ಹತ್ತಿ ಹೋಳಿ ಹುಣ್ಣಿಮೆಗೆ ಇಳಿಯುವ ಪ್ರಯಾಣಿಕ

ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಗಾಡಿ ನಿಂತಿತೆಂದರೆ ಹಿಂದಿನ ಏಣಿಯ ಹತ್ತಿರ ಗದ್ದಲ ಶುರುವಾಗುತ್ತಿತ್ತು. ಜಾಳಿಗೆ ಚೀಲದ ತುಂಬ ಬೆಳ್ಳುಳ್ಳಿ. ಲಗೇಜ್ ಟಿಕೆಟ್ ತಗೊಳ್ಳಿ ಅಂದರೆ, ‘ಬಳ್ಳೊಳ್ಳಿ ಏನ್ ತೂಕ ಇರತೈತ್ರೀ ಸಾಹೇಬ್ರ, ಹತ್ತಿ ಇದ್ದಂಗ ಐತಿ’ ಎಂದು ಚೌಕಾಸಿ. ನಾನು 31 ವರ್ಷ ಕಂಡಕ್ಟರ್ ಆಗಿದ್ದವನು, ಅದರಲ್ಲಿ 11 ವರ್ಷ ಮೈಸೂರು–ಹುಬ್ಬಳ್ಳಿ ರೂಟು. ಎಷ್ಟು ಮೂಟೆ ಬೆಳ್ಳುಳ್ಳಿಗೆ ಟಿಕೆಟ್ ಹರಿದಿದ್ದೇನೋ ಲೆಕ್ಕವಿಲ್ಲ. ಅದು ಮಣ್ಣಿನಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ಮಾತ್ರ ನಿವೃತ್ತಿಯಾಗುವವರೆಗೂ ನನಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಳ್ಳುವ ಕಾಲ ಬಂದದ್ದು 2024ರ ಫೆಬ್ರವರಿಯಲ್ಲಿ. ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿತ್ತು. ಬಸ್ಸಾರಿನ ಒಗ್ಗರಣೆಗೆ ಎಂಟು ಎಸಳು ಜಜ್ಜುತ್ತಿದ್ದ ನನ್ನಾಕೆ ಮೂರಕ್ಕೆ ಇಳಿಸಿದಳು. ‘ತಾರಸಿ ಖಾಲಿ ಬಿದ್ದಿದೆ, ನಾನೇ ಬೆಳೀತೀನಿ’ ಎಂದು ಜಂಬದಿಂದ ಹೇಳಿ, ಏಪ್ರಿಲ್ ತಿಂಗಳಲ್ಲಿ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ, ಅಡುಗೆಮನೆಯ ಡಬ್ಬಿಯಿಂದಲೇ 20 ಎಸಳು ಎತ್ತಿಕೊಂಡು ಹೋಗಿ ಚುಚ್ಚಿದೆ. ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. 9 ಮೊಳೆತವು. ಮೇ ಮುಗಿಯುವ ಹೊತ್ತಿಗೆ ಎಲೆಯ ತುದಿ ಹಳದಿ, ಬುಡ ಕೊಳೆತು ಲೋಳೆ. ಬಕೆಟ್ಟು ಬೋರಲು ಹಾಕಿದಾಗ ಬಂದ ವಾಸನೆಗೆ ಕೆಳಗಿನ ಮನೆಯವರು ಕಿಟಕಿ ಮುಚ್ಚಿಕೊಂಡರು.

ನನ್ನ ಜೊತೆ ಆ ರೂಟಿನಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದ ಡ್ರೈವರ್ ಈಗ ರಾಣೆಬೆನ್ನೂರು ತಾಲ್ಲೂಕಿನ ತಮ್ಮ ಊರಿನಲ್ಲಿ ಅರ್ಧ ಎಕರೆ ಬೆಳ್ಳುಳ್ಳಿ ಮಾಡುತ್ತಾರೆ. ಅವರಿಗೆ ಫೋನು ಹಚ್ಚಿದೆ.

‘ಏನ್ರೀ ಕಂಡಕ್ಟರ್ ಸಾಹೇಬ್ರ, ಬ್ಯಾಸಗ್ಯಾಗ ಬಳ್ಳೊಳ್ಳಿ ಹಚ್ಚೀರಿ? ಅದೇನ್ ಬೆಂಡಿಕಾಯೇನ್ರೀ?’ ನಕ್ಕು ಮುಗಿದ ಮೇಲೆ ಹೇಳಿದರು: ‘ಅದಕ್ಕ ಥಂಡಿ ಬೇಕ್ರೀ. ದೀಪಾವಳಿಗೆ ಹಚ್ರಿ, ಹೋಳಿ ಹುಣ್ಣಿಮಿಗೆ ಕೀಳ್ರಿ. ನಡುವ ಭಾಳ ಉಪಚಾರ ಮಾಡಬ್ಯಾಡ್ರಿ.’

ಅಷ್ಟೇ ಪಾಠ. ಮುಂದೆ ನಾನು ಬರೆಯುವುದೆಲ್ಲ ಆ ಮಾತಿಗೆ ಟಿಪ್ಪಣಿ.

ಚಳಿ ಸೀಮೆಯ ಗಿಡ

ಬೆಳ್ಳುಳ್ಳಿಯ ತವರು ಮಧ್ಯ ಏಷ್ಯಾ. ಅಲ್ಲಿ ಕೊರೆಯುವ ಚಳಿಗಾಲ, ಆಮೇಲೆ ಸ್ವಲ್ಪ ಹಸಿ ಇರುವ ವಸಂತ, ಅದರ ಬೆನ್ನಿಗೆ ಒಣ ಬೇಸಿಗೆ. ಚಳಿಯಲ್ಲಿ ಬೇರು ಬಿಟ್ಟು, ವಸಂತದಲ್ಲಿ ಎಲೆ ಬೆಳೆಸಿ, ಬೇಸಿಗೆ ಬರುವ ಸೂಚನೆ ಸಿಕ್ಕ ಕೂಡಲೇ ತಿಂದದ್ದನ್ನೆಲ್ಲ ಗಡ್ಡೆಗೆ ಇಳಿಸಿ ಮಣ್ಣೊಳಗೆ ಮಲಗಿಬಿಡುವುದು ಅದರ ಹುಟ್ಟುಗುಣ. ಗಡ್ಡೆ ಎಂದರೆ ಬೇಸಿಗೆ ಕಳೆಯಲು ಕಟ್ಟಿಕೊಂಡ ಬುತ್ತಿ. ಚಳಿ ತಗುಲದಿದ್ದರೆ, ಆಮೇಲೆ ಹಗಲು ಉದ್ದವಾಗಿ ಬಿಸಿಲು ಏರದಿದ್ದರೆ, ಬುತ್ತಿ ಕಟ್ಟುವ ಹೊತ್ತಾಯಿತೆಂದು ಅದಕ್ಕೆ ತಿಳಿಯುವುದೇ ಇಲ್ಲ.

ನಮ್ಮ ಬಯಲುಸೀಮೆಯಲ್ಲಿ ಆ ಚಳಿಗೆ ಸಮೀಪದ್ದೆಂದರೆ ನವೆಂಬರಿನಿಂದ ಜನವರಿ. ಹಾಗಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಲ್ಲಿ ಊರಿದರೆ ಎಲೆ ಬೆಳೆಯುವ ಕಾಲಕ್ಕೆ ತಂಪು, ಗಡ್ಡೆ ಬಲಿಯುವ ಕಾಲಕ್ಕೆ ಮಾಗಿ ಕಳೆದ ಬಿಸಿಲು, ಎರಡೂ ಸಿಗುತ್ತವೆ. ರಾಜ್ಯದ ಕೆಲವು ಕಡೆ ಮುಂಗಾರಿಗೂ ಬೆಳ್ಳುಳ್ಳಿ ಹಾಕುವ ರೈತರಿದ್ದಾರೆ. ತಾರಸಿಯ ಹೊಸಬರಿಗೆ ಅದು ಬೇಡ. ಮಳೆನೀರು ನಿಂತ ಕುಂಡದಲ್ಲಿ ಬೆಳ್ಳುಳ್ಳಿ ಕೊಳೆಯಲು ಒಂದು ವಾರ ಸಾಕು.

ಇನ್ನೊಂದು ಸೂಕ್ಷ್ಮವಿದೆ. ಎಲ್ಲ ಬೆಳ್ಳುಳ್ಳಿಗೂ ಒಂದೇ ಉದ್ದದ ಹಗಲು ಸಾಲದು. ಹಿಮಾಚಲ ಪ್ರದೇಶ, ಉತ್ತರಾಖಂಡದ ಕಡೆ ಬೆಳೆಯುವ ‘ಅಗ್ರಿಫೌಂಡ್ ಪಾರ್ವತಿ’ಯಂಥ ದಪ್ಪ ಎಸಳಿನ ತಳಿಗೆ ಉದ್ದ ಹಗಲು ಬೇಕು. ಆ ಸೀಮೆಯಲ್ಲಿ ಬೇಸಿಗೆಯ ಹಗಲು 14 ಗಂಟೆ ಮುಟ್ಟುತ್ತದೆ. ಮೈಸೂರಿನ ಹಗಲು ಎಷ್ಟು ಎಳೆದರೂ 13 ಗಂಟೆ ಆಗುವುದಿಲ್ಲ. ನಮ್ಮಲ್ಲಿ ಆಗುವುದು ಸಣ್ಣ ಎಸಳಿನ ಜವಾರಿ, ಇಲ್ಲವೇ ಬಯಲುಸೀಮೆಗೆಂದೇ ಆರಿಸಿದ ಜಿ-41, ಯಮುನಾ ಸಫೇದ್, ಪುಣೆ ಹತ್ತಿರದ ರಾಜಗುರುನಗರದಲ್ಲಿರುವ ಈರುಳ್ಳಿ–ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆಯ ಭೀಮಾ ಓಂಕಾರ್, ಭೀಮಾ ಪರ್ಪಲ್ ಮುಂತಾದವು.

ಇದನ್ನೆಲ್ಲ ಕೇಳಿದ ಮೇಲೂ ನನ್ನ ಕಣ್ಣು ಅಂಗಡಿಯ ದಪ್ಪ ಬೆಳ್ಳುಳ್ಳಿಯ ಮೇಲೆಯೇ. ಬೆಟ್ಟದ ಕಡೆಯದು ಸರ್ ಎಂದು ಅಂಗಡಿಯವನು ಹೇಳಿದ್ದ. ಒಂದೊಂದು ಎಸಳೂ ಹಲಸಿನ ಬೀಜದಷ್ಟು. ಡ್ರೈವರ್ ಕಾಲು ಕಿಲೋ ಜವಾರಿ ಬೀಜ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ್ದರು, ಅದರ ಎಸಳು ಗೋಡಂಬಿಗಿಂತ ಚಿಕ್ಕದು. ಎರಡನ್ನೂ ಬೆಳೆದು ನೋಡೋಣ ಅಂದುಕೊಂಡೆ.

ಫ್ರಿಜ್ಜಿನಲ್ಲಿ ನಾಲ್ಕು ವಾರ

ಬೆಳ್ಳುಳ್ಳಿಗೆ ಬೀಜ ಎನ್ನುತ್ತೇವಾದರೂ ಅದು ಬೀಜವಲ್ಲ. ಮನುಷ್ಯ ಸಾವಿರಾರು ವರ್ಷ ಎಸಳು ಊರಿ ಊರಿ, ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದನ್ನೇ ಬಿಟ್ಟಿದೆ. ಪ್ರತಿ ಎಸಳೂ ತಾಯಿಗಿಡದ ತುಂಡು. ಹಾಗಾಗಿ ತಾಯಿಗಿಡದ ಗುಣವೂ ಬರುತ್ತದೆ, ರೋಗವೂ ಬರುತ್ತದೆ. ಮೆತ್ತಗಾದದ್ದು, ಬೂಷ್ಟು ಹಿಡಿದದ್ದು, ಬುಡದ ಬಿಲ್ಲೆ ಮುರಿದದ್ದು ಬೇಡ. ಬೇರು ಬರುವುದು ಆ ಬಿಲ್ಲೆಯಿಂದಲೇ.

ಅಂಗಡಿಯ ಬೆಳ್ಳುಳ್ಳಿ ಕೆಲವೊಮ್ಮೆ ಮೊಳೆಯುವುದೇ ಇಲ್ಲ. ಹೊಸದಾಗಿ ಕಿತ್ತದ್ದಾದರೆ ಅದು ಇನ್ನೂ ನಿದ್ದೆಯಲ್ಲಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ದಾಸ್ತಾನಿನಲ್ಲಿ ಮೊಳೆಯದಿರಲೆಂದು ವಿಕಿರಣ ಹಾಯಿಸಲೂ ನಮ್ಮ ದೇಶದಲ್ಲಿ ಅನುಮತಿ ಇದೆ. ಅಂಥದು ಸಾರಿಗೆ ಬರುತ್ತದೆ, ಮಣ್ಣಿಗೆ ಬರುವುದಿಲ್ಲ. ಡ್ರೈವರ್ ಹೇಳಿಕೊಟ್ಟ ಪರೀಕ್ಷೆ ಸುಲಭ. ಒಂದು ಎಸಳನ್ನು ಉದ್ದಕ್ಕೆ ಸೀಳಿ. ನಡುವೆ ಹಸಿರು ಮೊಳಕೆ ಎಸಳಿನ ಅರ್ಧಕ್ಕಿಂತ ಮೇಲೆ ಬಂದಿದ್ದರೆ ಗಡ್ಡೆ ಎಚ್ಚರವಾಗಿದೆ ಎಂದು ಅರ್ಥ. ನಾನು ಸೀಳಿ ನೋಡಿದಾಗ ಅಕ್ಕಿಕಾಳಿನಷ್ಟೇ ಮೊಳಕೆ ಇತ್ತು.

ಅದಕ್ಕೇ ಫ್ರಿಜ್ಜು. ಹೊಲದಲ್ಲಿ ಬೆಳೆಯುವವರು ಹೀಗೆ ಮಾಡುವುದಿಲ್ಲ. ಬಿಸಿ ತಾರಸಿಯಲ್ಲಿ ಬೆಳೆಯುವವರಿಗೆ ಇದು ಚಳಿಯ ಮುಂಗಡ. ಗಡ್ಡೆ ಬಿಡಿಸದೆ ಇಡಿಯಾಗಿ ಕಾಗದದ ಚೀಲಕ್ಕೆ ಹಾಕಿ ಅಕ್ಟೋಬರ್ ಮೊದಲ ವಾರ ತರಕಾರಿ ತಟ್ಟೆಯಲ್ಲಿ ಇಟ್ಟೆ. ಪ್ಲಾಸ್ಟಿಕ್ ಕವರಾದರೆ ಬೆವರಿ ಬೂಷ್ಟು ಬರುತ್ತದೆ. ಕಾಗದವಾದರೆ ಏನಾಗುತ್ತದೆ ಎಂಬುದು ಮೂರನೇ ದಿನ ಬೆಳಗಿನ ಕಾಫಿಯಲ್ಲಿ ತಿಳಿಯಿತು. ‘ರೀ, ಹಾಲೆಲ್ಲ ಬೆಳ್ಳುಳ್ಳಿ ವಾಸನೆ ಹೊಡೀತಿದೆ ಕಣ್ರೀ. ನಿಮ್ಮ ಪ್ರಯಾಣಿಕರನ್ನ ಬೇರೆ ಬಸ್ಸಿಗೆ ಹತ್ತಿಸಿ’ ಅಂದಳು. ಕಾಗದದ ಚೀಲವನ್ನು ಸಡಿಲ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಹಾಲನ್ನು ಮೇಲಿನ ತಟ್ಟೆಗೆ ವರ್ಗ ಮಾಡಿದ ಮೇಲೆ ಸಂಸಾರ ನೆಟ್ಟಗಾಯಿತು.

ಹದಿನೆಂಟು ಸೀಟು

2024ರ ನವೆಂಬರ್ 3, ಬಲಿಪಾಡ್ಯಮಿಯ ಮಾರನೆಯ ದಿನ, ಭಾನುವಾರ. ಹಣ್ಣಿನ ಅಂಗಡಿಯಿಂದ ತಂದ ಎರಡು ಥರ್ಮಾಕೋಲ್ ಡಬ್ಬಿಗಳ ತಳಕ್ಕೆ ಕಾದ ಕಬ್ಬಿಣದ ಸರಳಿನಿಂದ ಹತ್ತು ಹತ್ತು ತೂತು ಹಾಕಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹತ್ತು ಇಂಚು ಆಳ. ನೀರು ಇಳಿಯಲೆಂದು ಇಟ್ಟಿಗೆಯ ಮೇಲೆ ಕೂರಿಸಿದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಡಬ್ಬಿಗೆ ಎರಡು ಹಿಡಿ ಬೇವಿನ ಹಿಂಡಿ. ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು.

ಗಡ್ಡೆಯನ್ನು ಊರುವ ದಿನವೇ ಬಿಡಿಸಬೇಕು. ಸಿಪ್ಪೆ ಸುಲಿಯಬಾರದು. ಹೊರಸುತ್ತಿನ ದಪ್ಪ ಎಸಳುಗಳೇ ಗಡ್ಡೆಗೆ. ಒಳಗಿನ ಕಡ್ಡಿಯಂಥ ಎಸಳುಗಳಿಗೆ ಆ ಕಸುವಿಲ್ಲ. ಚೂಪು ತುದಿ ಮೇಲೆ, ಬಿಲ್ಲೆ ಕೆಳಗೆ. ತಲೆಕೆಳಗಾದರೆ ಮೊಳಕೆ ಸುತ್ತು ಹಾಕಿ ಮೇಲೆ ಬರುತ್ತದೆ, ಗಡ್ಡೆ ಸೊಟ್ಟಗಾಗುತ್ತದೆ. ಎರಡು ಇಂಚು ಆಳದ ಕುಳಿ, ಒಂದರಿಂದ ಒಂದಕ್ಕೆ ನಾಲ್ಕು ಇಂಚು. ಹಾಗೆ ಒಂದು ಡಬ್ಬಿಗೆ ಮೂರು ಸಾಲು, ಸಾಲಿಗೆ ಆರು, ಒಟ್ಟು 18 ಸೀಟು. ಜಾಗ ಉಳಿಯಿತೆಂದು ನಡುವೆ ಇನ್ನಷ್ಟು ತುರುಕುವ ಆಸೆಯಾಗುತ್ತದೆ. ಹಬ್ಬದ ಬಸ್ಸಿನಲ್ಲಿ ಸೀಟಿಗೆ ಐದು ಜನ ಕೂತಂತೆ ಆಮೇಲೆ ಯಾರೂ ಸರಿಯಾಗಿ ಕೂರುವುದಿಲ್ಲ. 12 ಇಂಚಿನ ಕುಂಡವಾದರೆ ಸುತ್ತ ಆರು, ನಡುವೆ ಒಂದು. ಅಷ್ಟೇ.

ಮೊದಲ ಡಬ್ಬಿಗೆ ಜವಾರಿ, ಎರಡನೆಯದಕ್ಕೆ ಅಂಗಡಿಯ ದಪ್ಪನೆಯದು. ಒಳಗಿನ ಸಣ್ಣ ಎಸಳುಗಳನ್ನು ಎಸೆಯಲು ಮನಸ್ಸಾಗದೆ ಒಂದು ಅಗಲ ಬಾಣಲಿಯಲ್ಲಿ ಒತ್ತೊತ್ತಾಗಿ ಊರಿದೆ, ಬರೀ ಸೊಪ್ಪಿಗೆ. ಮೇಲೆ ಒಣ ಹುಲ್ಲು ಹೊದಿಸಿ ಒಂದು ಸಲ ಚೆನ್ನಾಗಿ ನೀರು ಕೊಟ್ಟೆ.

ಜವಾರಿ ಆರನೇ ದಿನಕ್ಕೆ ಹುಲ್ಲು ಸೀಳಿಕೊಂಡು ತಲೆ ಎತ್ತಿತು. ದಪ್ಪನೆಯದು ಹನ್ನೊಂದನೇ ದಿನ.

ಮೇಲೆ ಬಂದ ಮೇಲೆ ಕೆಲಸ ಕಡಿಮೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು. ನೀರು ವಾರಕ್ಕೆ ಎರಡು ಸಲ, ಅದೂ ಬೆರಳು ಚುಚ್ಚಿ ನೋಡಿ, ಒಂದು ಗೆಣ್ಣು ಒಣಗಿದ್ದರೆ ಮಾತ್ರ. ಬೆಳ್ಳುಳ್ಳಿಯ ಬೇರು ಆಳಕ್ಕೆ ಹೋಗುವುದಿಲ್ಲ, ಕಳೆಯ ಜೊತೆ ಪೈಪೋಟಿಯನ್ನೂ ಮಾಡಲಾರದು. ಆದ್ದರಿಂದ ಕಳೆ ಕೀಳಲೇಬೇಕು, ಕಳೆಗುದ್ದಲಿ ಹಾಕಿ ಕೆದಕದೆ ಕೈಯಲ್ಲಿ. ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ 30ನೇ ದಿನ ಒಮ್ಮೆ, 50ನೇ ದಿನ ಒಮ್ಮೆ ಕೊಟ್ಟೆ. ಎರಡು ತಿಂಗಳಾದ ಮೇಲೆ ಆ ಬಾಗಿಲು ಮುಚ್ಚಬೇಕು. ತಡವಾಗಿ ಸಾರಜನಕ ಸಿಕ್ಕಿದರೆ ಗಿಡ ಗಡ್ಡೆ ಬಿಟ್ಟು ಮತ್ತೆ ಎಲೆಯ ಕಡೆ ತಿರುಗುತ್ತದೆ, ಕಟ್ಟಿದ ಎಸಳುಗಳೇ ಮಣ್ಣೊಳಗೆ ಮೊಳೆಯತೊಡಗುತ್ತವೆ.

ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ಮೈಸೂರಿಗೂ ಬಂತು. ಎರಡು ಡಬ್ಬಿಯನ್ನೂ ಮೆಟ್ಟಿಲ ಸೂರಿನ ಕೆಳಗೆ ಎಳೆಯುವಷ್ಟರಲ್ಲಿ ನಾನೂ ನೆನೆದೆ, ಬೆಳ್ಳುಳ್ಳಿಯೂ ನೆನೆಯಿತು. ತಳದ ತೂತುಗಳಿಂದ ಉಳಿದೆವು. ಮೂಲೆಯ ಒಂದು ತೂತು ಮಣ್ಣು ಕಟ್ಟಿಕೊಂಡಿತ್ತು, ಆ ಮೂಲೆಯ ಒಂದು ಜವಾರಿ ಗಿಡ ಕೊಳೆಯಿತು.

ಜನವರಿ ಕೊನೆಗೆ ಎಲೆಯ ಮೇಲೆ ಯಾರೋ ಬೆಳ್ಳಿಯ ಪೆನ್ನಿನಲ್ಲಿ ಗೀಚಿದ ಹಾಗೆ ಗೆರೆಗಳು. ಎಲೆಯ ಬುಡ ಬಿಡಿಸಿದರೆ ಎಳ್ಳಿನ ಸಿಪ್ಪೆಗಿಂತ ಸಣ್ಣ ಹಳದಿ ಹುಳುಗಳು ಓಡಾಡುತ್ತಿದ್ದವು. ಅವು ಥ್ರಿಪ್ಸ್ ನುಸಿ, ಎಲೆಯ ರಸ ಹೀರುವುದೇ ಅವುಗಳ ಕೆಲಸ. ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ನಾಲ್ಕು ತೊಟ್ಟು ಸೋಪಿನ ನೀರು ಕದಡಿ, ಸಂಜೆ ಹೊತ್ತು ಎಲೆಯ ಬುಡಕ್ಕೆ ತಾಗುವಂತೆ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿದೆ. ಪೂರಾ ಹೋಗಲಿಲ್ಲ. ಸುಮ್ಮನಾದವು.

ಎದುರುಮನೆ ಮೇಷ್ಟ್ರು

ಎದುರುಮನೆಯ ಮೇಷ್ಟ್ರು ಬೆಳ್ಳುಳ್ಳಿ ತಿನ್ನುವವರಲ್ಲ. ಆದರೂ ದಿನಾ ಸಂಜೆ ತಮ್ಮ ತಾರಸಿಯಿಂದಲೇ ವಿಚಾರಿಸುತ್ತಿದ್ದರು. ಒಂದು ದಿನ ಕತೆ ಹೇಳಿದರು. ಅಮೃತವನ್ನು ಕದ್ದು ಕುಡಿಯುತ್ತಿದ್ದ ರಾಕ್ಷಸನ ಕುತ್ತಿಗೆಯನ್ನು ವಿಷ್ಣು ಕತ್ತರಿಸಿದಾಗ ನೆಲಕ್ಕೆ ಬಿದ್ದ ಹನಿಗಳಿಂದ ಬೆಳ್ಳುಳ್ಳಿ ಹುಟ್ಟಿತಂತೆ. ಅಮೃತದ ಪಾಲು ಇರುವುದರಿಂದ ಔಷಧ, ರಾಕ್ಷಸನ ಮೈ ಸೋಕಿದ್ದರಿಂದ ಕೆಲವರಿಗೆ ನಿಷೇಧ. ಇದು ಬರೀ ಅಜ್ಜಿಕತೆಯಲ್ಲ. 1890ರಲ್ಲಿ ಮಧ್ಯ ಏಷ್ಯಾದ ಕುಚಾದಲ್ಲಿ ಹ್ಯಾಮಿಲ್ಟನ್ ಬೋವರ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಸೇರಿದ ಹಳೆಯ ಸಂಸ್ಕೃತ ಹಸ್ತಪ್ರತಿಯ ಮೊದಲ ಭಾಗ ಶುರುವಾಗುವುದೇ ಬೆಳ್ಳುಳ್ಳಿಯ ವಿಚಾರದಿಂದ, ಅದರಲ್ಲೂ ಈ ಕತೆ ಇದೆ. ‘ರಸೋನ ಅಂತ ಇದರ ಇನ್ನೊಂದು ಹೆಸರು ಕಣ್ರೀ’ ಅಂದರು ಮೇಷ್ಟ್ರು. ‘ಆರು ರಸದಲ್ಲಿ ಒಂದು ಊನ. ಹುಳಿ ಒಂದಿಲ್ಲ, ಉಳಿದ ಐದೂ ಇವೆ.’

ಆರರಲ್ಲಿ ಒಂದು ಸೀಟು ಖಾಲಿ ಅನ್ನಿ ಮೇಷ್ಟ್ರೇ, ಅಂದೆ. ಆ ಖಾಲಿ ಸೀಟಿಗೆ ಹುಣಸೆಹಣ್ಣು ಕೂರಿಸಿದರೆ ಚಟ್ನಿ. ಬಾಣಲಿಯ ಸೊಪ್ಪು ಅಷ್ಟರಲ್ಲಿ ಗೇಣುದ್ದ ಬಂದಿತ್ತು. ನನ್ನಾಕೆ ಅದನ್ನು ಕತ್ತರಿಸಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸುತ್ತಿದ್ದಳು. ಗಡ್ಡೆಯಷ್ಟು ಖಾರವಿಲ್ಲ, ಘಮ ಮಾತ್ರ ಪೂರ್ತಿ. ಹೊಸಬರು ಬೇರೇನೂ ಬೇಡ, ಸೊಪ್ಪಿನಿಂದ ಶುರು ಮಾಡಬಹುದು. ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ, ಕಾಲದ ಹಂಗೂ ಅಷ್ಟಿಲ್ಲ. ಗಡ್ಡೆಗೆಂದು ಬಿಟ್ಟ ಗಿಡದ ಎಲೆಗೆ ಮಾತ್ರ ಕತ್ತರಿ ಹಾಕಬೇಡಿ. ಎಲೆಯೇ ಗಡ್ಡೆಗೆ ಊಟ ಹಾಕುವುದು.

ನೀರು ನಿಲ್ಲಿಸುವ ಕಷ್ಟ

ಫೆಬ್ರವರಿ ಮೂರನೇ ವಾರಕ್ಕೆ ಜವಾರಿಯ ಕೆಳಗಿನ ಎಲೆಗಳು ಒಣಗಿ, ಕುತ್ತಿಗೆ ಮೆತ್ತಗಾಗಿ ವಾಲತೊಡಗಿತು. ಬಿಸಿಲು ಏರುತ್ತಿತ್ತು. ಬಾಡಿದ ಗಿಡ ಕಂಡರೆ ಚೊಂಬಿಗೆ ಕೈ ಹೋಗುವುದು ಸಹಜ. ಡ್ರೈವರಿಗೆ ಫೋಟೋ ಕಳಿಸಿದೆ. ‘ನೀರು ಬಂದ್ ಮಾಡ್ರಿ. ಇನ್ ಹನ್ನೆಲ್ಡ್ ಹದಿನೈದು ದಿನ ಮುಟ್ಟಬ್ಯಾಡ್ರಿ’ ಅಂದರು. ಇಡೀ ನಾಲ್ಕು ತಿಂಗಳಲ್ಲಿ ನನಗೆ ಕಷ್ಟವಾದ ಕೆಲಸ ಇದೊಂದೇ, ಏನೂ ಮಾಡದೆ ಇರುವುದು.

ಯಾವಾಗ ಕೀಳಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಮೇಲೆ ಕಾಣುವ ಒಂದೊಂದು ಎಲೆಯ ಬುಡವೂ ಕೆಳಗೆ ಗಡ್ಡೆಯನ್ನು ಸುತ್ತಿದ ಒಂದೊಂದು ಪೊರೆ. ಎಲೆ ಪೂರಾ ಒಣಗಿದರೆ ಆ ಪೊರೆಯೂ ಹೋಯಿತು. ಎಲ್ಲ ಒಣಗುವವರೆಗೆ ಕಾದರೆ ಗಡ್ಡೆ ಮಣ್ಣೊಳಗೇ ಬಿಚ್ಚಿಕೊಳ್ಳುತ್ತದೆ. ಅರ್ಧ ಒಣಗಿ, ಮೇಲೆ ನಾಲ್ಕೈದು ಎಲೆ ಹಸಿರಿದ್ದಾಗ ಕಿತ್ತರೆ ನಾಲ್ಕೈದು ಪೊರೆಯ ಅಂಗಿ ಉಳಿಯುತ್ತದೆ.

ಮಾರ್ಚ್ 9ರ ಭಾನುವಾರ, ಊರಿ 126ನೇ ದಿನ. ಎಲೆ ಹಿಡಿದು ಜಗ್ಗದೆ ಪಕ್ಕದಲ್ಲಿ ಕರಣೆ ಹಾಕಿ ಮಣ್ಣು ಸಡಿಲಿಸಿ ಮೊದಲನೆಯದನ್ನು ಎತ್ತಿದೆ. ನಿಂಬೆಹಣ್ಣಿಗಿಂತ ಕೊಂಚ ಚಿಕ್ಕದು, ಬಿಳಿ ಪೊರೆಯ ಮೇಲೆ ನಸು ನೇರಳೆ ಗೆರೆ, ಬುಡದಲ್ಲಿ ಮಣ್ಣು ಮೆತ್ತಿದ ಬೇರಿನ ಗಡ್ಡ. ಎಣಿಸಿದೆ, 14 ಎಸಳು. ಊರಿದ 18ರಲ್ಲಿ ಒಂದು ಮೊಳೆತಿರಲಿಲ್ಲ, ಒಂದು ಮಳೆಗೆ ಹೋಗಿತ್ತು. 16 ಗಡ್ಡೆ ಕೈಗೆ ಬಂದವು. ತೊಳೆಯದೆ, ಎಲೆ ಕತ್ತರಿಸದೆ, ಗಾಳಿಯಾಡುವ ನೆರಳಿನಲ್ಲಿ ಎರಡು ವಾರ ತೂಗುಹಾಕಿದೆ.

ದಪ್ಪ ಎಸಳಿನ ಡಬ್ಬಿಯ ಕತೆಯೇ ಬೇರೆ. ಅಗಲ ಎಲೆ, ಹೆಬ್ಬೆರಳು ಗಾತ್ರದ ಕಾಂಡ, ನೋಡಿದವರೆಲ್ಲ ಅದನ್ನೇ ಹೊಗಳಿದ್ದು. ಏಪ್ರಿಲ್ ಬಂದರೂ ಕುತ್ತಿಗೆ ವಾಲಲಿಲ್ಲ. ಕಿತ್ತರೆ ಬುಡ ಸ್ವಲ್ಪ ಉಬ್ಬಿದ ದಂಟು, ಒಳಗೆ ಎಸಳೇ ಕಟ್ಟಿಲ್ಲ. ಉದ್ದ ಹಗಲಿಗಾಗಿ ಕಾದು ಕಾದು, ಬಾರದ ಬಸ್ಸಿಗೆ ನಿಲ್ದಾಣದಲ್ಲಿ ನಿಂತವರ ಹಾಗೆ ನಿಂತೇ ಇದ್ದವು. ಹೆಚ್ಚಿ ಪಲ್ಯಕ್ಕೆ ಹಾಕಿದೆವು.

ಇನ್ನೊಂದು ಅಡ್ಡಕತೆ. ಅಡುಗೆಮನೆಯಲ್ಲಿ ಹೊರಗೇ ಉಳಿದಿದ್ದ ಹತ್ತು ಸಣ್ಣ ಜವಾರಿ ಎಸಳುಗಳನ್ನು ಜನವರಿ ನಡುವಿನಲ್ಲಿ ಒಂದು ಕುಂಡಕ್ಕೆ ಊರಿದ್ದೆ. ಕಿತ್ತಾಗ ಗಜ್ಜುಗದ ಕಾಯಿಯಂಥ ಏಳು ದುಂಡನೆಯ ಗಡ್ಡೆ, ಒಡೆದರೆ ಒಂದೇ ಎಸಳು. ತಡವಾಗಿ ಊರಿ, ಚಳಿ ಸಾಲದೆ, ಎಲೆ ಬೆಳೆಯುವ ಮೊದಲೇ ಬಿಸಿಲು ಏರಿದರೆ ಗಿಡಕ್ಕೆ ಎಸಳು ಪಾಲು ಮಾಡಲು ಪುರುಸೊತ್ತಿರುವುದಿಲ್ಲ, ಇದ್ದದ್ದನ್ನೆಲ್ಲ ಒಂದೇ ಗಂಟು ಕಟ್ಟಿಬಿಡುತ್ತದೆ. ನಾನು ಸೋತೆನೆಂದು ಕೂತಿದ್ದರೆ ನನ್ನಾಕೆ ಓಡಿಬಂದು ಏಳನ್ನೂ ಸೆರಗಿಗೆ ಹಾಕಿಕೊಂಡಳು. ‘ಒಂಟಿ ಬೆಳ್ಳುಳ್ಳಿ ಕಣ್ರೀ! ಮನೆಮದ್ದಿಗೆ ಅಂತ ಜನ ಹುಡುಕಿಕೊಂಡು ಅಲೀತಾರೆ.’ ಅವನ್ನೇ ಮುಂದಿನ ನವೆಂಬರಿಗೆ ಊರಿದರೆ ಎಸಳು ಕಟ್ಟಿದ ಗಡ್ಡೆಯಾಗುತ್ತದೆ. ನಾಲ್ಕನ್ನು ಬೇಡಿ ವಾಪಸು ಪಡೆದೆ.

ಲೆಕ್ಕ

ಕೊನೆಗೆ ಟ್ರಿಪ್‌ಶೀಟ್ ಒಪ್ಪಿಸಲೇಬೇಕಲ್ಲ. ಒಣಗಿದ ಮೇಲೆ 16 ಗಡ್ಡೆಯ ತೂಕ 290 ಗ್ರಾಂ. ಗೊಬ್ಬರ, ಹಿಂಡಿ, ನಾರಿನ ಪುಡಿಗೆ ಆದ ಖರ್ಚು 600 ರೂಪಾಯಿ. ಅಷ್ಟರಲ್ಲಿ ಪೇಟೆಯಲ್ಲಿ ಬೆಲೆಯೂ ಇಳಿದಿತ್ತು. ದುಡ್ಡು ಉಳಿಸಲು ಬೆಳ್ಳುಳ್ಳಿ ಬೆಳೆಯಿರಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ. ಹೊಸ ಗಡ್ಡೆಯ ಒಂದು ಎಸಳು ಜಜ್ಜಿ ನೋಡಿ ಎನ್ನುತ್ತೇನೆ.

ಜಜ್ಜಿದಾಗ ನನಗೆ ಹಳೆಯ ಬಸ್ಸು ನೆನಪಾಯಿತು. ಮೂಟೆ ಮೂಟೆ ಬೆಳ್ಳುಳ್ಳಿ ಇದ್ದರೂ ಗಾಡಿಯಲ್ಲಿ ಅಂಥ ವಾಸನೆ ಇರುತ್ತಿರಲಿಲ್ಲ. ಯಾರದೋ ಚಪ್ಪಲಿಯಡಿ ಒಂದೇ ಒಂದು ಎಸಳು ನಜ್ಜುಗುಜ್ಜಾದರೆ ಅರಸೀಕೆರೆವರೆಗೂ ಇಡೀ ಬಸ್ಸು ಚಟ್ನಿ ಅರೆದ ಒರಳು. ಕಾರಣ ಈಗ ಗೊತ್ತು. ಇಡೀ ಎಸಳಿನಲ್ಲಿ ಅಲಿಯಿನ್ ಎಂಬ ವಾಸನೆಯಿಲ್ಲದ ವಸ್ತು ಒಂದು ಕೋಣೆಯಲ್ಲಿ, ಅಲಿನೇಸ್ ಎಂಬ ಕಿಣ್ವ ಇನ್ನೊಂದರಲ್ಲಿ ಇರುತ್ತವೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರಿ ಅಲಿಸಿನ್ ಆಗುತ್ತದೆ. ಘಾಟು ಅದರದ್ದು. ಅದಕ್ಕೇ ಜಜ್ಜಿ ಐದು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕುವುದು ಒಳ್ಳೆಯದು. ಕಾದ ಎಣ್ಣೆಗೆ ನೇರ ಬಿದ್ದರೆ ಆ ಕಿಣ್ವ ಕೆಲಸ ಮುಗಿಸುವ ಮೊದಲೇ ಸಾಯುತ್ತದೆ. ಹಸಿ ಎಸಳನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಡುವ ಅಭ್ಯಾಸವಿದ್ದರೆ ಬಿಡಿ. ಗಾಳಿಯಾಡದ ಕಡೆ ಬೆಳೆಯುವ ವಿಷಕ್ರಿಮಿಗೆ ಅದು ಹೇಳಿ ಮಾಡಿಸಿದ ಜಾಗ.

ಮೂರು ದೊಡ್ಡ ಗಡ್ಡೆಗಳನ್ನು ಮುಂದಿನ ದೀಪಾವಳಿಗೆಂದು ಎಲೆ ಹೆಣೆದು ಅಡುಗೆಮನೆಯ ಕಿಟಕಿಗೆ ಕಟ್ಟಿದ್ದೇನೆ. ಬಯಲುಸೀಮೆಯ ಬೀಜವೂ ಹತ್ತುವ ಹೊತ್ತೂ ಸರಿಯಿದ್ದರೆ ಉಳಿದ ದಾರಿ ಈ ಪ್ರಯಾಣಿಕನಿಗೇ ಗೊತ್ತು. ಹತ್ತುವ ಹೊತ್ತು ತಪ್ಪಿದರೆ ಮುಂದಿನ ಬಸ್ಸು ಒಂದು ವರ್ಷಕ್ಕೆ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಡ್ರೈವರೇ ಫೋನು ಮಾಡಿದ್ದರು. ಅವರ ಹೊಲದ ಬೆಳ್ಳುಳ್ಳಿ ಕಿತ್ತು ಚೀಲಕ್ಕೆ ತುಂಬುತ್ತಿದ್ದರಂತೆ.

‘ನಿಮ್ಮದೆಷ್ಟ್ ಬಂತ್ರೀ ಸಾಹೇಬ್ರ?’

‘290 ಗ್ರಾಂ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಹಳ ಗಂಭೀರವಾಗಿ ಹೇಳಿದರು: ‘ಹಂಗಾರ ಲಗೇಜ್ ಟಿಕೆಟ್ ಬೇಕಾಗಂಗಿಲ್ಲ ಬಿಡ್ರಿ.’